ಭವನದ ಸದಸ್ಯತ್ವಕ್ಕೆ ಕೈಕೆಲಸವೇ ಮೊದಲ ವಂತಿಗೆ



ಗಡಿಭಾಗದ ಭಕ್ತರು ಶ್ರೀಮಠಕ್ಕೆ ಬಂದಾಗ ಮಳೆ, ಬೆಳೆ, ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ ಇವುಗಳ ಜೊತೆಗೆ ಇನ್ನೊಂದು ಮಾತನ್ನೂ ಎತ್ತುತ್ತಾರೆ. "ನಮ್ಮೂರಲ್ಲೂ ಒಂದು ಸಮುದಾಯ ಭವನ ಆಗಬೇಕು, ಬುದ್ಧಿ" ಎನ್ನುವವರು ಕೆಲವರು. "ಭವನವೇನೋ ಆಯಿತು, ನಡೆಸುವ ಜನ ಇಲ್ಲ" ಎನ್ನುವವರು ಹಲವರು. ಸದಸ್ಯರು ಯಾರಾಗಬೇಕು, ಚಂದಾ ಎಷ್ಟಿರಬೇಕು, ಕಸ ಗುಡಿಸುವವರು ಯಾರು, ಲೆಕ್ಕ ಬರೆಯುವವರು ಯಾರು ಎಂಬ ಪ್ರಶ್ನೆಗಳು ನೋಡಲು ಸಣ್ಣವು. ಆದರೆ ಒಂದು ಸಮಾಜ ಒಟ್ಟಾಗಿ ಬಾಳುತ್ತದೆಯೋ, ಒಡೆದು ಹೋಗುತ್ತದೆಯೋ ಎಂಬುದು ಇಂಥ ಸಣ್ಣ ಪ್ರಶ್ನೆಗಳಲ್ಲೇ ನಿರ್ಧಾರವಾಗುತ್ತದೆ. ಆದುದರಿಂದ ಈ ಸಲದ ಆಶೀರ್ವಚನದಲ್ಲಿ ಈ ವಿಷಯವನ್ನೇ ತಮ್ಮೊಡನೆ ಚಿಂತಿಸಲು ಬಯಸುತ್ತೇವೆ.

ಭವನ ಕಟ್ಟುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಕಟ್ಟುವ ಕಾಲಕ್ಕೆ ಉತ್ಸಾಹವಿರುತ್ತದೆ. ಒಬ್ಬರು ಕಲ್ಲು ಕೊಡುತ್ತಾರೆ, ಒಬ್ಬರು ಸಿಮೆಂಟು ಕೊಡುತ್ತಾರೆ, ಟ್ರ್ಯಾಕ್ಟರ್ ಇದ್ದವರು ಮರಳು ಹೊಡೆಸುತ್ತಾರೆ. ಉದ್ಘಾಟನೆಯ ದಿನ ಊರೆಲ್ಲ ಸೇರುತ್ತದೆ. ಕಷ್ಟ ಬರುವುದು ಅದರ ಮರುವರ್ಷ. ಆಗ ಸದಸ್ಯರ ಪುಸ್ತಕ ತೆರೆದು ನೋಡಿ: ಇನ್ನೂರು ಹೆಸರು ಇರುತ್ತವೆ. ಬಸವ ಜಯಂತಿಯ ದಿನ ಅಡುಗೆಮನೆಗೆ ಹೋಗಿ ನೋಡಿ: ಹದಿನೈದು ಜನ ಇರುತ್ತಾರೆ. ಹಿಂದಿನ ರಾತ್ರಿಯಿಂದ ತರಕಾರಿ ಹೆಚ್ಚಿದವರು, ನಸುಕಿಗೆ ಒಲೆ ಹಚ್ಚಿದವರು, ಕೊಪ್ಪರಿಗೆ ಇಳಿಸಿದವರು, ಪಂಕ್ತಿ ಎದ್ದ ಮೇಲೆ ಎಲೆ ಎತ್ತಿದವರು ಆ ಹದಿನೈದು ಜನ. ಅವರಲ್ಲಿ ಹತ್ತು ಜನರ ಹೆಸರು ಪುಸ್ತಕದಲ್ಲಿ ಇರುವುದಿಲ್ಲ. ಅವರು ಹೆಂಗಸರು, ಇಲ್ಲವೇ ಜಮೀನಿಲ್ಲದವರು, ಇಲ್ಲವೇ ಎರಡು ವರ್ಷ ಚಂದಾ ಕಟ್ಟಲಾಗದೆ ಹೆಸರು ಕಳೆದುಕೊಂಡವರು.

ಪುಸ್ತಕದಲ್ಲಿ ಇರುವವರು ಕೆಲಸಕ್ಕಿಲ್ಲ, ಕೆಲಸದಲ್ಲಿ ಇರುವವರು ಪುಸ್ತಕದಲ್ಲಿಲ್ಲ. ಭವನಗಳಿಗೆ ಹತ್ತಿದ ರೋಗ ಇದೊಂದೇ. ಉಳಿದ ಜಗಳಗಳೆಲ್ಲ ಇದರ ಕೊಂಬೆಗಳು.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯೋಣ. ಅನುಭವ ಮಂಟಪದಲ್ಲಿ ಕುಳಿತವರು ಯಾರು? ಬಟ್ಟೆ ಒಗೆಯುವ ಮಾಚಯ್ಯನವರು, ದೋಣಿ ನಡೆಸುವ ಚೌಡಯ್ಯನವರು, ಪಾದರಕ್ಷೆ ಹೊಲಿಯುವ ಹರಳಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು. ಅವರ ಪಕ್ಕದಲ್ಲೇ ರಾಜ್ಯದ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು. ಶೂನ್ಯಪೀಠದ ಮೇಲೆ ಅಲ್ಲಮಪ್ರಭುಗಳು. ಅಲ್ಲಿ ಪ್ರವೇಶಕ್ಕೆ ಕೇಳಿದ್ದು ಹಣವನ್ನಲ್ಲ, ಕುಲವನ್ನಲ್ಲ. ನಿನ್ನ ಕಾಯಕ ಯಾವುದು, ಅದನ್ನು ಶುದ್ಧವಾಗಿ ಮಾಡುತ್ತೀಯೋ ಎಂದು ಕೇಳಿದರು. ಕಾಯಕ ಇಲ್ಲದವನಿಗೆ, ಅವನು ಎಷ್ಟೇ ದೊಡ್ಡವನಾದರೂ, ಅಲ್ಲಿ ಗೌರವ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಇಂದು ನಮಗೆ ಸಿಕ್ಕಿವೆ. ಆ ಕಾಲದಲ್ಲಿ ಜಗತ್ತಿನ ಎಷ್ಟು ಸಭೆಗಳಲ್ಲಿ ಹೆಣ್ಣುಮಗಳು ಎದ್ದು ಮಾತನಾಡಬಹುದಿತ್ತು? ಅಂಥ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು, ದಾಸೋಹದ ಒಲೆ ಮುಂದೆ ಬೆವರು ಸುರಿಸುವ ತಾಯಿಯ ಹೆಸರನ್ನು ಪುಸ್ತಕಕ್ಕೆ ಸೇರಿಸಲು ಹಿಂದೆಮುಂದೆ ನೋಡಬಹುದೇ?

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ತಮಗೆಲ್ಲ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಲ್ಲೇ ಮನೆ ನಡೆಯಬೇಕು, ಅದರಲ್ಲೇ ಜಂಗಮ ದಾಸೋಹ ಆಗಬೇಕು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂತು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಗಂಡನಿಗೆ ಹೇಳಿದರು. ಈ ಕಥೆಯಿಂದ ಆಸೆ ಪಡಬಾರದೆಂಬ ನೀತಿಯನ್ನು ನಾವು ಹೇಳುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಚೆಲ್ಲಿದ ಅಕ್ಕಿ ಆಯುವ ಬಡ ದಂಪತಿಗಳು ದಾಸೋಹ ಪಡೆಯುವವರಾಗಿರಲಿಲ್ಲ, ದಾಸೋಹ ಮಾಡುವವರಾಗಿದ್ದರು. ಬಡವನಿಗೆ ಅನ್ನ ಹಾಕುವುದು ದೊಡ್ಡದು; ಬಡವನೂ ಅನ್ನ ಹಾಕುವವನಾಗುವಂತೆ ಜಾಗ ಬಿಡುವುದು ಅದಕ್ಕಿಂತ ದೊಡ್ಡದು. ನಮ್ಮ ಭವನಗಳಲ್ಲಿ ಬಡವನಿಗೆ ಎಲೆ ಹಾಕುತ್ತೇವೆ, ಸಭೆಯಲ್ಲಿ ಚಾಪೆ ಹಾಕುವುದಿಲ್ಲ. ಇದನ್ನು ದಾಸೋಹ ಎನ್ನಲಾಗದು.

ಇನ್ನು 'ಆಜೀವ ಸದಸ್ಯ' ಎಂಬ ಮಾತು. ಒಂದೇ ಸಲ ದೊಡ್ಡ ಮೊತ್ತ ಕಟ್ಟಿ ರಸೀತಿ ಪಡೆದರೆ ಬದುಕಿರುವ ತನಕ ಸದಸ್ಯ ಎಂದು ಇಂದು ಅದಕ್ಕೆ ಅರ್ಥ. ಆ ಮೇಲೆ ಭವನದ ಕಡೆ ತಲೆ ಹಾಕದಿದ್ದರೂ ನಡೆಯುತ್ತದೆ. ಈ ಮಾತಿಗೆ ಹಿಂದೆ ಬೇರೆಯೇ ಅರ್ಥವಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಏಳು ಜನ ತರುಣ ಶಿಕ್ಷಕರು ಮುಂದೆ ಬಂದರು. ಸಮಾಜ ಅವರನ್ನು ಸಪ್ತರ್ಷಿಗಳೆಂದು ಕರೆಯಿತು. ಓದಿದವರಿಗೆ ಸರ್ಕಾರಿ ನೌಕರಿ ಸುಲಭವಾಗಿದ್ದ ಕಾಲದಲ್ಲಿ ಅವರು ಅಲ್ಪ ಸಂಬಳಕ್ಕೆ ತಮ್ಮ ಆಯುಷ್ಯವನ್ನೇ ಆ ಶಾಲೆಗೆ ಒಪ್ಪಿಸಿದರು. 1884ರಲ್ಲಿ ಪುಣೆಯಲ್ಲಿ ಆರಂಭವಾದ ಡೆಕ್ಕನ್ ಎಜುಕೇಶನ್ ಸೊಸೈಟಿಯೂ ಇಂಥ ಆಜೀವ ಸದಸ್ಯರಿಂದಲೇ ಬೆಳೆದದ್ದು. ಅಲ್ಲಿ ಆಜೀವ ಸದಸ್ಯ ಎಂದರೆ ವರ್ಷಗಟ್ಟಲೆ ದುಡಿಯುವವನು. ನಮ್ಮಲ್ಲಿ ಜೀವ ಇರುವ ತನಕ ದುಡಿಯಬೇಕಾಗಿಲ್ಲದವನು! ಒಂದೇ ಪದ ನೂರು ವರ್ಷದಲ್ಲಿ ಹೀಗೆ ತಲೆಕೆಳಗಾಯಿತು. ದೊಡ್ಡ ಸರದಾರರು ದಾನ ಕೊಡದೆ ಆ ಸಂಸ್ಥೆ ಏಳುತ್ತಿರಲಿಲ್ಲ ಎಂಬುದೂ ನಿಜವೇ. ಆದರೆ ದಾನದ ಹಣಕ್ಕೆ ಜೀವ ತುಂಬಿದ್ದು ಆ ಏಳು ಜನರ ದುಡಿಮೆ.

ನಿಮ್ಮ ಸೀಮೆಗೆ ಹತ್ತಿರದ ಇನ್ನೊಂದು ಉದಾಹರಣೆ ಸಿದ್ಧಗಂಗೆ. ಮಧುಗಿರಿಯ ಹಾದಿಯಲ್ಲಿ ತುಮಕೂರಿಗೆ ಹೋದರೆ ಸಿಗುವ ಆ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಯ ಹಂಗಿಲ್ಲದೆ ಉಂಡು ಓದುತ್ತಿದ್ದಾರೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹಗಳನ್ನು ದಶಕಗಳ ಕಾಲ ನಡೆಸಿದರು. ಆ ದೊಡ್ಡ ಅಡುಗೆಮನೆ ಶ್ರೀಮಂತರ ಕಾಣಿಕೆಯಿಂದ ಮಾತ್ರ ನಡೆದದ್ದಲ್ಲ. ಸುಗ್ಗಿ ಮುಗಿದ ಮೇಲೆ ರೈತರು ತಮ್ಮ ಪಾಲಿನ ರಾಗಿ, ಕಾಳು, ತೆಂಗಿನಕಾಯಿಗಳನ್ನು ಒಪ್ಪಿಸಿದ್ದರಿಂದ ನಡೆಯಿತು. ಕಲಿಯುವ ಮಕ್ಕಳೂ ದಿನದ ಕೆಲಸದಲ್ಲಿ ಕೈಜೋಡಿಸುವುದರಿಂದ ನಡೆಯಿತು. ಸಿಖ್ಖರ ಗುರುದ್ವಾರಗಳಲ್ಲೂ ಇದೇ ರೀತಿ. ಅಲ್ಲಿ ಕೋಟ್ಯಧೀಶನೂ ನೆಲದ ಮೇಲೆ ಕೂತು ರೊಟ್ಟಿ ಲಟ್ಟಿಸುತ್ತಾನೆ, ಬಂದವರ ಚಪ್ಪಲಿ ಕಾಯುತ್ತಾನೆ. ಯಾರ ಕೈಯೂ ಅಲ್ಲಿ ಮೇಲಲ್ಲ, ಯಾರ ಕೈಯೂ ಕೆಳಗಲ್ಲ.

ಇಷ್ಟು ಹೇಳಿದ ಮೇಲೆ, ಭವನ ನಡೆಸುವ ಭಕ್ತರಿಗೆ ಕೆಲವು ನಿಯಮಗಳನ್ನು ಸೂಚಿಸುತ್ತೇವೆ. ಇವು ಅಪ್ಪಣೆಗಳಲ್ಲ. ಊರಿನ ಹಿರಿಯರು ಕೂತು, ತಿದ್ದಿ, ತಮ್ಮ ಊರಿಗೆ ಒಗ್ಗಿಸಿಕೊಳ್ಳಲಿ.

ಮೊದಲನೆಯದು, ಸದಸ್ಯತ್ವ ಮನೆಗೆ ಒಂದಲ್ಲ, ಆಳಿಗೆ ಒಂದು. ಹದಿನೆಂಟು ತುಂಬಿದ ಗಂಡಸಿನ ಹೆಸರೂ ಇರಲಿ, ಹೆಂಗಸಿನ ಹೆಸರೂ ಇರಲಿ. ಗಂಡನ ಹೆಸರಿನ ಕೆಳಗೆ 'ಮತ್ತು ಕುಟುಂಬ' ಎಂದು ಬರೆಯುವ ಪದ್ಧತಿಯನ್ನು ಬಿಡಿ.

ಎರಡನೆಯದು, ಮೊದಲು ಸೇವೆ, ಆ ಮೇಲೆ ಸಹಿ. ಹೊಸದಾಗಿ ಬರುವವರು ಒಂದು ವರ್ಷ ಭವನದ ಕೆಲಸದಲ್ಲಿ ಭಾಗಿಯಾಗಲಿ. ಅನಂತರ ಮತದ ಹಕ್ಕು, ಅನಂತರ ಪದವಿ. ಷಟ್‌ಸ್ಥಲದಲ್ಲಿ ಭಕ್ತಸ್ಥಲವೇ ಮೊದಲು. ಅದನ್ನು ಬಿಟ್ಟು ನೇರವಾಗಿ ಐಕ್ಯಸ್ಥಲಕ್ಕೆ ಏರಿದವರು ಯಾರೂ ಇಲ್ಲ. ಭವನದ ಅಧ್ಯಕ್ಷರ ಕುರ್ಚಿಗೂ ಅದೇ ಕ್ರಮ ಇರಲಿ.

ಮೂರನೆಯದು, ವರ್ಷಕ್ಕೆ ನಾಲ್ಕು ದಿನದ ಕೈಕೆಲಸ. ಒಂದು ದಿನ ಭವನದ ಸ್ವಚ್ಛತೆಗೆ, ಒಂದು ದಿನ ದಾಸೋಹಕ್ಕೆ, ಒಂದು ದಿನ ಮಕ್ಕಳ ಓದಿಗೆ, ಒಂದು ದಿನ ಯಾರದಾದರೂ ಮನೆಯ ಕಷ್ಟಕ್ಕೆ. ಸಾವು ಆದ ಮನೆಯಲ್ಲಿ ನೀರು ತುಂಬುವುದು, ಆಸ್ಪತ್ರೆಯಲ್ಲಿ ಕಾಯುವುದು ಇವೂ ಭವನದ ಕೆಲಸವೇ. ಈ ನಾಲ್ಕು ದಿನಕ್ಕೆ ಬದಲಾಗಿ ಹಣ ಕಟ್ಟುವಂತಿಲ್ಲ, ಕೂಲಿಯಾಳನ್ನು ಕಳಿಸುವಂತಿಲ್ಲ. ವ್ಯಾಪಾರಸ್ಥರು ಲೆಕ್ಕ ಬರೆಯಬಹುದು, ಮೇಷ್ಟರು ಪಾಠ ಹೇಳಬಹುದು, ವಯಸ್ಸಾದವರು ಮಕ್ಕಳಿಗೆ ವಚನ ಕಲಿಸಬಹುದು. ಕಾಯಿಲೆಯವರಿಗೆ, ಬಾಣಂತಿಯರಿಗೆ ವಿನಾಯಿತಿ ಇರಲಿ.

ನಾಲ್ಕನೆಯದು, ಸರದಿ ಪಟ್ಟಿಯನ್ನು ಹೊಲದ ಲೆಕ್ಕದಲ್ಲಿ ಮಾಡಿ, ಕಚೇರಿಯ ಲೆಕ್ಕದಲ್ಲಿ ಬೇಡ. ಕಡಲೆಕಾಯಿ ಬಿತ್ತುವಾಗ, ಕೀಳುವಾಗ ರೈತನನ್ನು ಕರೆಯಬೇಡಿ. ರೇಷ್ಮೆ ಸಾಕುವ ಮನೆಯಲ್ಲಿ ನಾಲ್ಕನೆಯ ಜ್ವರ ಎದ್ದ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುವ ಆ ಏಳೆಂಟು ದಿನ, ಮನೆಯವರಿಗೆ ಉಣ್ಣಲೂ ಬಿಡುವಿರುವುದಿಲ್ಲ. ಆ ದಿನಗಳಲ್ಲಿ ಅಂಗಡಿಯವರು ಕೆಲಸ ಹೊರಲಿ. ಹಬ್ಬದ ವ್ಯಾಪಾರದ ದಿನಗಳಲ್ಲಿ ರೈತರು ಹೊರಲಿ. ಹೀಗೆ ಹೊಲದವರೂ ಅಂಗಡಿಯವರೂ ಒಬ್ಬರ ಭಾರವನ್ನು ಒಬ್ಬರು ಹೊತ್ತರೆ ಇಬ್ಬರ ನಡುವಿನ ಹಳೆಯ ಬಿರುಕು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಐದನೆಯದು, ಚಂದಾ ಎಲ್ಲರಿಗೂ ಒಂದೇ, ಅದೂ ಕೂಲಿಯವನು ಕೊಡಬಲ್ಲಷ್ಟು. ಸುಗ್ಗಿಯ ಮೇಲೆ ಕಟ್ಟಲಿ. ಹಣ ಇಲ್ಲದಿದ್ದರೆ ರಾಗಿಯನ್ನೋ, ಹುಣಸೆಯನ್ನೋ ತರಲಿ. ತೂಗಿ, ಬೆಲೆ ಕಟ್ಟಿ, ರಸೀತಿ ಕೊಡಿ. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಅದೂ ನಂಬಿಕೆಯದಲ್ಲ. ಬರ ಬಂದ ವರ್ಷ ಚಂದಾ ಬಾಕಿ ಎಂದು ಹೆಸರು ಹೊಡೆದುಹಾಕಿದರೆ, ಕಷ್ಟದಲ್ಲಿ ಇರುವವನಿಗೆ ಭವನದ ಬಾಗಿಲನ್ನೂ ಮುಚ್ಚಿದಂತಾಗುತ್ತದೆ. ಬೆಂಗಳೂರಿಗೆ ದುಡಿಯಲು ಹೋದವರ ಹೆಸರೂ ಉಳಿಯಲಿ. ಊರಿಗೆ ಬಂದಾಗ ತಮ್ಮ ದಿನಗಳನ್ನು ತೀರಿಸಲಿ. ಹೆಸರು ತೆಗೆಯಲು ಕಾರಣ ಮೂರೇ ಇರಲಿ: ಭವನದ ಹಣ ಕದಿಯುವುದು, ಭವನದಲ್ಲಿ ಕುಡಿತ ಜೂಜು ನಡೆಸುವುದು, ಪಂಕ್ತಿಯಲ್ಲಿ ಜಾತಿಭೇದ ಮಾಡುವುದು. ಆಗಲೂ ಮುಂಚಿತವಾಗಿ ಪತ್ರ ಕೊಟ್ಟು, ಅವನ ಮಾತನ್ನು ಸಭೆಯಲ್ಲಿ ಕೇಳಿದ ಮೇಲೆಯೇ ತೀರ್ಮಾನ.

ಆರನೆಯದು ಲೆಕ್ಕ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಿಂದೂಪುರದ ಪಕ್ಕದ ಲೇಪಾಕ್ಷಿಯನ್ನು ತಾವೆಲ್ಲ ಕಂಡಿದ್ದೀರಿ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಆ ವೀರಭದ್ರನ ಗುಡಿ ಕಟ್ಟಿಸಿದರು. ಹಿಂದುಗಡೆ ಕಲ್ಯಾಣ ಮಂಟಪದ ಕಂಬಗಳು ಇಂದಿಗೂ ಚಾವಣಿ ಇಲ್ಲದೆ ನಿಂತಿವೆ. ಅದರ ಬಗ್ಗೆ ಸೀಮೆಯಲ್ಲಿ ಒಂದು ಐತಿಹ್ಯವಿದೆ. ಖಜಾನೆ ನೋಡಿಕೊಳ್ಳುತ್ತಿದ್ದ ವಿರೂಪಣ್ಣ ದೊರೆಯ ಅಪ್ಪಣೆ ಇಲ್ಲದೆ ಹಣ ಖರ್ಚು ಮಾಡಿದನೆಂದು ಯಾರೋ ದೂರು ಹೇಳಿದರಂತೆ. ಶಿಕ್ಷೆ ಬರುವ ಮೊದಲೇ ಅವನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಕೆಂಪು ಗುರುತನ್ನು ಜನ ಇಂದಿಗೂ ತೋರಿಸುತ್ತಾರೆ. ಇದು ನಡೆದದ್ದೋ ಅಲ್ಲವೋ, ಅದರೊಳಗಿನ ತಿಳಿವಳಿಕೆ ಮಾತ್ರ ನಿಜ. ಅವನು ಕದ್ದನೆಂದು ಜನ ಹೇಳುವುದಿಲ್ಲ. ಒಳ್ಳೆಯ ಕೆಲಸಕ್ಕೇ ಖರ್ಚು ಮಾಡಿದ; ಆದರೆ ಒಪ್ಪಿಗೆ ಪಡೆಯದೆ ಮಾಡಿದ. ಅಷ್ಟಕ್ಕೇ ಒಂದು ಕಲ್ಯಾಣ ಮಂಟಪ ಅರ್ಧಕ್ಕೆ ನಿಂತಿತು. ಗಡಿಯ ಊರುಗಳಲ್ಲಿ ಅರ್ಧಕ್ಕೆ ನಿಂತ ಎಷ್ಟೋ ಭವನಗಳ ಕಥೆಯೂ ಇದೇ. ಕಳ್ಳರಿಂದ ನಿಂತವು ಕಡಿಮೆ. ಲೆಕ್ಕ ಹೇಳದ ಒಳ್ಳೆಯವರಿಂದ ನಿಂತವು ಹೆಚ್ಚು.

ಆದುದರಿಂದ ಹಣ ಬ್ಯಾಂಕಿನಲ್ಲಿ ಇರಲಿ, ತೆಗೆಯಲು ಇಬ್ಬರ ಸಹಿ ಇರಲಿ. ಅವರಿಬ್ಬರೂ ಒಂದೇ ಮನೆಯವರಾಗಿರಬಾರದು. ಹತ್ತು ರೂಪಾಯಿಗೂ ರಸೀತಿ ಇರಲಿ. ಮೂರು ತಿಂಗಳಿಗೊಮ್ಮೆ ಜಮಾಖರ್ಚನ್ನು ಗಟ್ಟಿಯಾಗಿ ಓದಿ ಹೇಳಿ. ಓದು ಬಾರದ ತಾಯಿಗೂ ಅದು ಕೇಳಿಸಬೇಕು. ಆಂಧ್ರಪ್ರದೇಶದ 2001ರ ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಬೈಲಾ ಬರೆದು ನೋಂದಾಯಿಸಿ, ಭವನದ ಜಾಗವನ್ನು ಸಂಘದ ಹೆಸರಿಗೆ ಮಾಡಿಸಿ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಬಿಟ್ಟರೆ ಮುಂದೆ ಅವರ ಮಕ್ಕಳ ಕಾಲಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಇನ್ನೊಂದು ಸಂಗತಿ: ದಾನಿಗಳಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಒಂದೇ ಜಾತಿಯ ಪ್ರಯೋಜನಕ್ಕೆಂದು ಬರೆದುಕೊಂಡ ಸಂಸ್ಥೆಗೆ ಕೊಟ್ಟ ದಾನಕ್ಕೆ ಸಿಗುವುದಿಲ್ಲ. ಬಸವಣ್ಣನವರು ಎಂದೋ ಹೇಳಿದ್ದನ್ನು ಕಾನೂನು ಈಗ ಹೇಳುತ್ತಿದೆ.

ಇಲ್ಲಿ ಹಿರಿಯರಿಗೆ ಎರಡು ಸಂದೇಹ ಬರುವುದು ಸಹಜ. ಚಂದಾ ಇಷ್ಟು ಇಳಿಸಿದರೆ ಕರೆಂಟ್ ಬಿಲ್ಲು ಯಾರು ಕಟ್ಟುವುದು ಎಂಬುದು ಮೊದಲನೆಯ ಸಂದೇಹ. ಮದುವೆಯ ಬಾಡಿಗೆ ಇದೆ, ಉಳ್ಳವರ ದಾನ ಇದೆ. ಅವನ್ನು ಯಾರೂ ಬೇಡವೆನ್ನುವುದಿಲ್ಲ. ಲಕ್ಷ ಕೊಟ್ಟವರ ಹೆಸರು ಕಲ್ಲಿನ ಮೇಲೆ ಇರಲಿ, ಅದು ಅವರಿಗೆ ಸಲ್ಲಬೇಕಾದ ಗೌರವ. ಆದರೆ ಸಭೆಯಲ್ಲಿ ಅವರ ಮತವೂ ಒಂದೇ ಆಗಿರಲಿ. ಭಂಡಾರಿಯಾಗಿದ್ದ ಬಸವಣ್ಣನವರೇ ಮಂಟಪದಲ್ಲಿ ಎಲ್ಲರಿಗಿಂತ ಕಿರಿಯನೆಂದು ನಡೆದುಕೊಂಡ ಮೇಲೆ ನಮ್ಮದೇನು ದೊಡ್ಡಸ್ತಿಕೆ?

ಬಾಗಿಲು ತೆರೆದಿಟ್ಟರೆ ಭವನ ನಮ್ಮ ಕೈ ತಪ್ಪೀತು ಎಂಬುದು ಎರಡನೆಯ ಸಂದೇಹ. ಗಡಿಯಲ್ಲಿ ಇರುವವರಿಗೆ ಈ ಭಯ ಹೆಚ್ಚು. ಅದು ನಮಗೂ ಅರ್ಥವಾಗುತ್ತದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ಅನಂತಪುರ ಆಂಧ್ರಕ್ಕೆ ಹೋಯಿತು. 2022ರಲ್ಲಿ ಗೋರಂಟ್ಲ, ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆಗಳು ಬದಲಾಗುತ್ತಲೇ ಇವೆ, ಮಕ್ಕಳ ಶಾಲೆಯ ಭಾಷೆ ಬದಲಾಗಿದೆ. ಆದರೆ ಒಂದು ವರ್ಷ ಬಂದು ಕಸ ಗುಡಿಸಿ, ಎಲೆ ಎತ್ತಿ, ಲೆಕ್ಕ ಕೇಳಿ ತಿಳಿದವನು ಹೊರಗಿನವನಾಗಿ ಉಳಿಯುವುದಿಲ್ಲ. ಸೇವೆಯ ವರ್ಷವೇ ಭವನಕ್ಕೆ ಭದ್ರವಾದ ಬೇಲಿ. ಬರಿಯ ಅಧಿಕಾರಕ್ಕೆ ಬರುವವನು ಆ ಬೇಲಿ ದಾಟುವ ತಾಳ್ಮೆ ತೋರಿಸುವುದಿಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ನೋಟೀಸು, ಲೆಕ್ಕ, ಸರದಿ ಪಟ್ಟಿಗಳು ಕನ್ನಡದಲ್ಲೂ ಇರಲಿ, ತೆಲುಗಿನಲ್ಲೂ ಇರಲಿ. ಕನ್ನಡ ಬಿಡಿ ಎಂದು ಇದರ ಅರ್ಥವಲ್ಲ. ಭವನದಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದು ಸೇವೆಯ ದಿನಗಳಲ್ಲಿ ಮುಖ್ಯವಾದದ್ದು. ಆದರೆ ತೆಲುಗು ಮಾತ್ರ ಓದಬಲ್ಲ ನಮ್ಮದೇ ತರುಣನು ನೋಟೀಸಿನ ಮುಂದೆ ಕುರುಡನಂತೆ ನಿಲ್ಲಬಾರದು. ಬಸವಣ್ಣನವರ ಚರಿತ್ರೆಯನ್ನು ಪುರಾಣವಾಗಿ ಮೊದಲು ಬರೆದವರು ತೆಲುಗಿನ ಪಾಲ್ಕುರಿಕಿ ಸೋಮನಾಥರು. ಭೀಮಕವಿ ಅದನ್ನು ಕನ್ನಡಕ್ಕೆ ತಂದದ್ದು 1369ರಲ್ಲಿ. ಕನ್ನಡದ ಬಸವಣ್ಣನವರು ತೆಲುಗಿನ ಮನೆಗೆ ಹೋಗಿ, ಕಾವ್ಯವಾಗಿ ಕನ್ನಡದ ಮನೆಗೆ ಮರಳಿ ಬಂದರು. ಎರಡು ಭಾಷೆಯ ನಡುವೆ ಬಾಳುವ ತಮಗೆ ಇದಕ್ಕಿಂತ ದೊಡ್ಡ ಧೈರ್ಯದ ಮಾತು ಬೇಕೇ?

ಸದ್ಭಕ್ತರೇ, ಮುಂದಿನ ಬಸವ ಜಯಂತಿಯೊಳಗೆ ಪ್ರತಿ ಊರಿನವರೂ ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಕಳೆದ ಎರಡು ಹಬ್ಬಗಳಲ್ಲಿ ಭವನದಲ್ಲಿ ನಿಜವಾಗಿ ದುಡಿದವರು ಯಾರೆಂದು ಕೂತು ನೆನಪಿಸಿಕೊಳ್ಳಿ. ನೀರು ಹೊತ್ತವರು, ಪಾತ್ರೆ ತಿಕ್ಕಿದವರು, ಹೊಗೆಯಲ್ಲಿ ಕಣ್ಣು ಕೆಂಪಾದವರು, ಯಾರನ್ನೂ ಬಿಡದೆ ಬರೆಯಿರಿ. ಆ ಪಟ್ಟಿಯನ್ನು ಸದಸ್ಯರ ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. ಪುಸ್ತಕದಲ್ಲಿ ಇಲ್ಲದ ಹೆಸರುಗಳನ್ನು ಮೊದಲು ಬರೆದುಕೊಳ್ಳಿ. ಅವರ ಒಂದು ವರ್ಷದ ಸೇವೆ ಆಗಲೇ ಸಂದಿದೆ. ಅವರಿಂದ ಇನ್ನು ಬೇರೆ ಅರ್ಹತೆ ಕೇಳಬೇಕಾಗಿಲ್ಲ. ಪುಸ್ತಕದಲ್ಲಿ ಇದ್ದು ಕೆಲಸಕ್ಕೆ ಬಾರದವರ ಮನೆಗೆ ಹೋಗಿ, ಜಗಳವಾಡದೆ, ಪ್ರೀತಿಯಿಂದ ಒಂದು ದಿನ ಕೇಳಿ. ಬಹಳ ಜನ ಬರುತ್ತಾರೆ. ಕರೆಯುವವರಿಲ್ಲದೆ ದೂರ ಉಳಿದವರೇ ಹೆಚ್ಚು.

ಭವನದ ಗೋಡೆ ಸಿಮೆಂಟಿನಿಂದ ನಿಂತಿರಬಹುದು, ಭವನ ನಿಲ್ಲುವುದು ಕೈಗಳಿಂದ. ಆ ಕೈಗಳು ಮಣ್ಣಿನವೋ, ತಕ್ಕಡಿಯವೋ, ಒಲೆಯವೋ ಎಂದು ಗುರುಬಸವಣ್ಣನವರು ಕೇಳಲಿಲ್ಲ, ನಾವೂ ಕೇಳಬಾರದು. ತಮ್ಮೆಲ್ಲರ ಹೊಲ ಹಸುರಾಗಲಿ, ವ್ಯಾಪಾರ ಶುದ್ಧವಾಗಿ ಬೆಳೆಯಲಿ, ಭವನದ ಒಲೆ ಆರದಿರಲಿ ಎಂದು ಹಾರೈಸುತ್ತೇವೆ.

ಶರಣು ಶರಣಾರ್ಥಿ.